2147483647: ಸಮಪಾಲು ಆಗದ ಸಂಖ್ಯೆಯ ಕಥೆ, ಅಂಗಡಿ ಲೆಕ್ಕಕ್ಕೂ ಅದರ ನಂಟು

ತಿಂಗಳ ಒಂದನೇ ತಾರೀಕು ಒಂದು ಪೈಸೆ ಎತ್ತಿಡಿ. ಎರಡನೇ ದಿನ ಎರಡು ಪೈಸೆ, ಮೂರನೇ ದಿನ ನಾಲ್ಕು, ನಾಲ್ಕನೇ ದಿನ ಎಂಟು. ಹೀಗೆ ದಿನಾ ಹಿಂದಿನ ದಿನದ ಇಮ್ಮಡಿ ಇಡುತ್ತಾ ಹೋಗಿ. ಹತ್ತು ದಿನ ಕಳೆದಾಗ ಕೂಡಿದ್ದು ಬರೀ 10 ರೂಪಾಯಿ 23 ಪೈಸೆ. ಇಪ್ಪತ್ತು ದಿನಕ್ಕೆ 10,485 ರೂಪಾಯಿ 75 ಪೈಸೆ. ತಿಂಗಳಿಗೆ 31 ದಿನ ಇದ್ದರೆ ಕೊನೆಯ ದಿನ ರಾತ್ರಿ ಒಟ್ಟು ಮೊತ್ತ 2,14,74,836 ರೂಪಾಯಿ 47 ಪೈಸೆ. ಎರಡು ಕೋಟಿ ಹದಿನಾಲ್ಕು ಲಕ್ಷ ಚಿಲ್ಲರೆ.

ಈ ಮೊತ್ತವನ್ನು ಪೈಸೆಯಲ್ಲೇ ಬರೆದರೆ 2147483647. ಅಂದರೆ 214 ಕೋಟಿ 74 ಲಕ್ಷ 83 ಸಾವಿರದ 647.

ಈಗ ಈ ಪೈಸೆಗಳನ್ನು ಒಂದಷ್ಟು ಜನರಿಗೆ ಸಮನಾಗಿ ಹಂಚಲು ಹೊರಡಿ. ಇಬ್ಬರಿಗೆ ಹಂಚಿದರೆ ಒಂದು ಪೈಸೆ ಉಳಿಯುತ್ತದೆ. ಮೂವರಿಗೆ ಹಂಚಿದರೂ ಉಳಿಯುತ್ತದೆ. ಏಳು ಜನರಿಗೆ, ನೂರು ಜನರಿಗೆ, ಒಂದು ಊರಿಗೆ, ಒಂದು ಜಿಲ್ಲೆಗೆ ಹಂಚಿ ನೋಡಿ. ಪ್ರತಿ ಸಲವೂ ಏನಾದರೂ ಉಳಿಕೆ ಬಂದೇ ಬರುತ್ತದೆ. ಒಬ್ಬನೇ ಎಲ್ಲವನ್ನೂ ತೆಗೆದುಕೊಳ್ಳಬೇಕು, ಇಲ್ಲವೇ 214 ಕೋಟಿ ಚಿಲ್ಲರೆ ಜನ ಸಾಲಲ್ಲಿ ನಿಂತು ತಲಾ ಒಂದೊಂದು ಪೈಸೆ ತೆಗೆದುಕೊಳ್ಳಬೇಕು. ಮೂರನೇ ದಾರಿ ಇಲ್ಲ.

ಇಂಥ ಸಂಖ್ಯೆಗೆ ಶಾಲೆಯ ಪುಸ್ತಕದಲ್ಲಿ ಅವಿಭಾಜ್ಯ ಸಂಖ್ಯೆ ಅನ್ನುತ್ತಾರೆ. 2, 3, 5, 7, 11, 13 ಎಲ್ಲರಿಗೂ ಗೊತ್ತು. ಆದರೆ ಹತ್ತು ಅಂಕೆಯ ಈ ಸಂಖ್ಯೆಯೂ ಅವಿಭಾಜ್ಯ ಅಂತ ಖಾತ್ರಿ ಮಾಡಿಕೊಂಡದ್ದು ಹೇಗೆ? ಕಂಪ್ಯೂಟರ್ ಇಲ್ಲದ ಕಾಲದಲ್ಲಿ ಮಾಡಿದವರು ಯಾರು? ನಮ್ಮ ಅಂಗಡಿಯ ಬಿಲ್ಲಿಂಗ್ ಮೆಷಿನ್ನಿಗೂ ಇದಕ್ಕೂ ಏನು ಸಂಬಂಧ? ಒಂದೊಂದಾಗಿ ನೋಡೋಣ.

ಇಮ್ಮಡಿಗಿಂತ ಒಂದು ಕಡಿಮೆ

ಮೇಲಿನ ಪೈಸೆ ಲೆಕ್ಕದಲ್ಲಿ ಒಂದು ಸುಲಭ ಸೂತ್ರ ಇದೆ. ಎಷ್ಟು ದಿನ ಇಟ್ಟಿರೋ ಅಷ್ಟು ಸಲ 2ನ್ನು ಗುಣಿಸಿ, 1 ಕಳೆದರೆ ಒಟ್ಟು ಮೊತ್ತ ಬರುತ್ತದೆ. ಐದು ದಿನಕ್ಕೆ 2⁵ − 1, ಅಂದರೆ 31. ಮೂವತ್ತೊಂದು ದಿನಕ್ಕೆ 2³¹ − 1, ಅದೇ ನಮ್ಮ 2147483647. ಈ ಜಾತಿಯ ಸಂಖ್ಯೆಗಳಿಗೆ ಫ್ರಾನ್ಸಿನ ಮರಿನ್ ಮರ್ಸೆನ್ ಎಂಬ ಪಾದ್ರಿಯ ಹೆಸರಿನಲ್ಲಿ ಮರ್ಸೆನ್ ಸಂಖ್ಯೆಗಳು ಅಂತ ಹೆಸರು.

ದಿನಗಳ ಸಂಖ್ಯೆ ಒಡೆಯುವಂಥದ್ದಾದರೆ ಮೊತ್ತವೂ ಒಡೆದೇ ಒಡೆಯುತ್ತದೆ. ಉದಾಹರಣೆಗೆ ಆರು ದಿನ ತೆಗೆದುಕೊಳ್ಳಿ. ಅದನ್ನು ಮೂರು ಮೂರು ದಿನದ ಎರಡು ಗುಂಪು ಮಾಡಿ. ಮೊದಲ ಗುಂಪು 1+2+4, ಅಂದರೆ 7. ಎರಡನೇ ಗುಂಪು 8+16+32, ಅದು ಎಂಟು ಏಳಲಿ 56. ಎರಡೂ ಗುಂಪು 7ರ ಮಗ್ಗಿಯಲ್ಲೇ ಇರುವುದರಿಂದ ಒಟ್ಟು 63 ಕೂಡ 7ರಿಂದ ಭಾಗವಾಗುತ್ತದೆ. ಆದ್ದರಿಂದ ಮೊತ್ತ ಅವಿಭಾಜ್ಯ ಆಗಬೇಕಾದರೆ ದಿನಗಳ ಸಂಖ್ಯೆಯೂ ಅವಿಭಾಜ್ಯ ಆಗಿರಲೇಬೇಕು. 31 ಅವಿಭಾಜ್ಯ. ಹಾಗಾಗಿ ಮೊದಲ ಗೇಟು ದಾಟಿದ ಹಾಗಾಯಿತು.

ಆದರೆ ಅಷ್ಟಕ್ಕೇ ಮುಗಿಯುವುದಿಲ್ಲ. 11 ಕೂಡ ಅವಿಭಾಜ್ಯವೇ. ಆದರೂ 2¹¹ − 1 ಅಂದರೆ 2047, ಅದು 23 × 89. ಗೇಟು ದಾಟಿದವರೆಲ್ಲ ಪಾಸಾಗುವುದಿಲ್ಲ.

ದೊಡ್ಡವರ ಪಟ್ಟಿಯಲ್ಲೂ ತಪ್ಪು

ಇಟಲಿಯ ಪಿಯೆತ್ರೊ ಕಟಾಲ್ಡಿ 1588ರಲ್ಲಿ 2¹⁷ − 1 (131071) ಮತ್ತು 2¹⁹ − 1 (524287) ಎರಡೂ ಅವಿಭಾಜ್ಯ ಅಂತ ಕೈಯಲ್ಲೇ ಭಾಗಿಸಿ ತೋರಿಸಿದರು. ಅಲ್ಲಿವರೆಗೆ ಸರಿ ಇತ್ತು. ಆಮೇಲೆ 23, 29, 31, 37 ಇವುಗಳಿಗೂ ಹಾಗೆಯೇ ಆಗುತ್ತದೆ ಅಂದುಬಿಟ್ಟರು. 1640ರಲ್ಲಿ ಫ್ರಾನ್ಸಿನ ಫರ್ಮಾ 23 ಮತ್ತು 37ರ ವಿಷಯ ತಪ್ಪು ಅಂತ ತೋರಿಸಿದರು. 2²³ − 1 ಎಂಬುದು 47ರಿಂದ ಭಾಗವಾಗುತ್ತದೆ, 2³⁷ − 1 ಎಂಬುದು 223ರಿಂದ. 1738ರಲ್ಲಿ ಲಿಯೊನಾರ್ಡ್ ಆಯ್ಲರ್ 29ನ್ನೂ ತಳ್ಳಿಹಾಕಿದರು. 2²⁹ − 1 ಅಂದರೆ 233 × 1103 × 2089. ಕಟಾಲ್ಡಿ ಸೇರಿಸಿದ ನಾಲ್ಕರಲ್ಲಿ ನಿಂತದ್ದು 31 ಒಂದೇ. ಅದಕ್ಕೂ ಅವರ ಬಳಿ ಪುರಾವೆ ಇರಲಿಲ್ಲ.

1644ರಲ್ಲಿ ಮರ್ಸೆನ್ ಪಾದ್ರಿ ತಮ್ಮದೇ ಪಟ್ಟಿ ಕೊಟ್ಟರು. 257ರವರೆಗಿನ ಘಾತಗಳಲ್ಲಿ 2, 3, 5, 7, 13, 17, 19, 31, 67, 127, 257 ಮಾತ್ರ ಅವಿಭಾಜ್ಯ ಕೊಡುತ್ತವೆ ಅಂತ. ಆ ಕಾಲದ ದೊಡ್ಡ ವಿದ್ವಾಂಸರು, ಯುರೋಪಿನ ಎಲ್ಲ ಗಣಿತಜ್ಞರ ಜೊತೆ ಪತ್ರವ್ಯವಹಾರ ಇದ್ದವರು. ಆದರೆ ಆ ಪಟ್ಟಿಯಲ್ಲಿ ಐದು ತಪ್ಪು ಇತ್ತು. 67 ಮತ್ತು 257 ಸೇರಬಾರದಿತ್ತು. 61, 89, 107 ಸೇರಬೇಕಿತ್ತು, ಬಿಟ್ಟುಹೋಗಿದ್ದವು. 1903ರಲ್ಲಿ ಅಮೆರಿಕದ ಫ್ರಾಂಕ್ ನೆಲ್ಸನ್ ಕೋಲ್ 2⁶⁷ − 1 ಅಂದರೆ 193707721 × 761838257287 ಅಂತ ಒಡೆದೇ ತೋರಿಸಿದರು.

ಇಲ್ಲಿ ಗಮನಿಸಬೇಕಾದ್ದು ಒಂದೇ ಮಾತು. ಗಣಿತದಲ್ಲಿ ಹೆಸರಿನ ಬಲದ ಮೇಲೆ ಏನೂ ನಿಲ್ಲುವುದಿಲ್ಲ. ಎಷ್ಟು ದೊಡ್ಡವರು ಹೇಳಿದರೂ ಲೆಕ್ಕ ತೆಗೆದು ನೋಡುವ ಹಕ್ಕು ಎಲ್ಲರಿಗೂ ಇದೆ. ಕಟಾಲ್ಡಿ ಮತ್ತು ಮರ್ಸೆನ್ ಇಬ್ಬರೂ 31ರ ಬಗ್ಗೆ ಹೇಳಿದ್ದು ಸರಿಯೇ ಆಗಿತ್ತು. ಆದರೆ ಸರಿಯಾಗಿ ಊಹಿಸುವುದು ಬೇರೆ, ಸರಿ ಅಂತ ತೋರಿಸುವುದು ಬೇರೆ.

ಆಯ್ಲರ್ ಮಾಡಿದ ಲೆಕ್ಕ

ತೋರಿಸಿದ್ದು ಆಯ್ಲರ್. ಸ್ವಿಟ್ಜರ್ಲೆಂಡಿನಲ್ಲಿ 1707ರಲ್ಲಿ ಹುಟ್ಟಿದವರು, ಬದುಕಿನ ಕೊನೆಯ ಕಾಲವನ್ನು ರಷ್ಯಾದ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಕಳೆದರು. ಬರ್ನೌಲಿ ಮನೆತನದ ಗಣಿತಜ್ಞರೊಬ್ಬರಿಗೆ ಅವರು ಬರೆದ ಪತ್ರ 1772ರಲ್ಲಿ ಅಚ್ಚಾಯಿತು. 2147483647 ಅವಿಭಾಜ್ಯ ಎಂಬ ಖಚಿತ ಮಾತು ಅದರಲ್ಲಿತ್ತು. ಆ ಹೊತ್ತಿಗೆ ಅವರ ಎರಡೂ ಕಣ್ಣು ಹೆಚ್ಚುಕಡಿಮೆ ಹೋಗಿತ್ತು.

ಒಂದು ಸಂಖ್ಯೆ ಅವಿಭಾಜ್ಯವೋ ಅಂತ ನೋಡುವ ಸೀದಾ ದಾರಿ, ಚಿಕ್ಕ ಸಂಖ್ಯೆಗಳಿಂದ ಭಾಗಿಸುತ್ತಾ ಹೋಗುವುದು. 214 ಕೋಟಿವರೆಗೆ ಹೋಗಬೇಕಂತಿಲ್ಲ. ಒಂದು ಸಂಖ್ಯೆ ಎರಡು ಸಂಖ್ಯೆಗಳ ಗುಣಲಬ್ಧ ಆಗಿದ್ದರೆ, ಆ ಎರಡರಲ್ಲಿ ಚಿಕ್ಕದು ವರ್ಗಮೂಲವನ್ನು ದಾಟುವುದಿಲ್ಲ. 46340ನ್ನು ಅದರಿಂದಲೇ ಗುಣಿಸಿದರೆ 2147395600, ನಮ್ಮ ಸಂಖ್ಯೆಗಿಂತ ಸ್ವಲ್ಪ ಕಡಿಮೆ. 46341ನ್ನು ಗುಣಿಸಿದರೆ ಹೆಚ್ಚಾಗುತ್ತದೆ. ಹಾಗಾಗಿ 46340ರವರೆಗೆ ನೋಡಿದರೆ ಸಾಕು. ಅಲ್ಲಿವರೆಗೆ ಸುಮಾರು 4,800 ಅವಿಭಾಜ್ಯ ಸಂಖ್ಯೆಗಳಿವೆ. ಒಂದೊಂದರಿಂದಲೂ ಕೈಯಲ್ಲಿ ಭಾಗಿಸುವುದು ಅಂದರೆ ತಿಂಗಳುಗಟ್ಟಲೆ ಕೆಲಸ.

ಆಯ್ಲರ್ ಎರಡು ಜರಡಿ ಹಿಡಿದರು. ಮೊದಲನೆಯದು ಫರ್ಮಾ ಕೊಟ್ಟ ನಿಯಮ: 2³¹ − 1ನ್ನು ಭಾಗಿಸುವ ಅವಿಭಾಜ್ಯ ಸಂಖ್ಯೆ ಇದ್ದರೆ, ಅದು 62ರ ಮಗ್ಗಿಗಿಂತ ಒಂದು ಹೆಚ್ಚಿರಬೇಕು. 62 ಬಂದದ್ದು 31ರ ಇಮ್ಮಡಿಯಿಂದ. 2047ರಲ್ಲಿ ಇದನ್ನು ಪರೀಕ್ಷಿಸಿ ನೋಡಿ. ಅಲ್ಲಿ ಘಾತ 11, ಅದರ ಇಮ್ಮಡಿ 22. 23 ಅಂದರೆ 22 + 1. 89 ಅಂದರೆ ನಾಲ್ಕು ಸಲ 22, ಅದಕ್ಕೆ 1. ನಿಯಮ ಸರಿಯಾಗಿ ಕೂತಿತು. ಎರಡನೇ ಜರಡಿ: ಅಂಥ ಭಾಜಕವನ್ನು 8ರಿಂದ ಭಾಗಿಸಿದರೆ ಶೇಷ 1 ಅಥವಾ 7 ಮಾತ್ರ ಬರಬೇಕು. 23ಕ್ಕೆ ಶೇಷ 7, 89ಕ್ಕೆ ಶೇಷ 1. ಇದೂ ಸರಿ.

ಎರಡನ್ನೂ ಕೂಡಿಸಿದರೆ, 248ರ ಮಗ್ಗಿಗೆ 1 ಅಥವಾ 63 ಸೇರಿಸಿದ ಸಂಖ್ಯೆಗಳು ಮಾತ್ರ ಉಳಿಯುತ್ತವೆ. 46340ರ ಒಳಗೆ ಇಂಥವು 372ರಷ್ಟು. ಅವುಗಳಲ್ಲೂ 3, 5, 7 ಮುಂತಾದವುಗಳಿಂದ ಒಡೆಯುವುದನ್ನು ತೆಗೆದುಹಾಕಿದರೆ ಎಂಬತ್ತರ ಆಸುಪಾಸು ಉಳಿಯುತ್ತದೆ. ಮೊದಲು ಸಿಗುವುದು 311. ಅದರಿಂದ ಭಾಗಿಸಿದರೆ ಶೇಷ 35. ಮುಂದಿನದು 1303, ಶೇಷ 226. ನಿಮ್ಮ ಮೊಬೈಲ್ ಕ್ಯಾಲ್ಕ್ಯುಲೇಟರಿನಲ್ಲೇ ನೋಡಬಹುದು. ಹೀಗೆ ಕೊನೆಯವರೆಗೆ ಹೋದರೂ ಶೇಷ ಸೊನ್ನೆ ಬರಲಿಲ್ಲ. ಅಲ್ಲಿಗೆ ವಿಷಯ ಇತ್ಯರ್ಥವಾಯಿತು.

ಸಾವಿರಾರು ಭಾಗಾಕಾರದ ಕೆಲಸವನ್ನು ಬುದ್ಧಿ ಖರ್ಚು ಮಾಡಿ ನೂರರ ಲೆಕ್ಕಕ್ಕೆ ಇಳಿಸಿದ್ದು ಇಲ್ಲಿನ ಸೊಗಸು. ಆ ಬಳಿಕ ಹಲವು ದಶಕಗಳ ಕಾಲ ಮನುಷ್ಯರಿಗೆ ಗೊತ್ತಿದ್ದ ಅತಿ ದೊಡ್ಡ ಅವಿಭಾಜ್ಯ ಸಂಖ್ಯೆ ಇದೇ ಆಗಿತ್ತು.

29 ಹೆಜ್ಜೆಯ ಪರೀಕ್ಷೆ

ನಂತರ ಇನ್ನೂ ಚುರುಕಾದ ದಾರಿ ಸಿಕ್ಕಿತು. ಫ್ರಾನ್ಸಿನ ಎಡ್ವರ್ಡ್ ಲೂಕಾ 19ನೇ ಶತಮಾನದಲ್ಲಿ ಕಂಡುಹಿಡಿದು, ಅಮೆರಿಕದ ಡಿ. ಎಚ್. ಲೆಹ್ಮರ್ 1930ರಲ್ಲಿ ತಿದ್ದಿ ಸರಳ ಮಾಡಿದ ಪರೀಕ್ಷೆ ಇದು. ಪ್ಲಸ್ ಟು ಓದುವ ಮಕ್ಕಳು ಕಾಗದದಲ್ಲೇ ಮಾಡಬಹುದು.

4ರಿಂದ ಶುರು ಮಾಡಿ. ಕೈಯಲ್ಲಿರುವ ಸಂಖ್ಯೆಯನ್ನು ಅದರಿಂದಲೇ ಗುಣಿಸಿ, 2 ಕಳೆಯಿರಿ. ಬಂದದ್ದನ್ನು ಪರೀಕ್ಷೆಗೆ ಇಟ್ಟ ಮರ್ಸೆನ್ ಸಂಖ್ಯೆಯಿಂದ ಭಾಗಿಸಿ, ಶೇಷ ಮಾತ್ರ ಇಟ್ಟುಕೊಳ್ಳಿ. ಘಾತ ಎಷ್ಟಿದೆಯೋ ಅದಕ್ಕಿಂತ ಎರಡು ಕಡಿಮೆ ಸಲ ಹೀಗೆ ಮಾಡಬೇಕು. ಕೊನೆಗೆ ಸೊನ್ನೆ ಬಂದರೆ ಅವಿಭಾಜ್ಯ, ಬರದಿದ್ದರೆ ಅಲ್ಲ.

2⁵ − 1, ಅಂದರೆ 31ಕ್ಕೆ ಮೂರು ಹೆಜ್ಜೆ. ಮೊದಲ ಹೆಜ್ಜೆ: 16 − 2 = 14. ಎರಡನೇ ಹೆಜ್ಜೆ: 196 − 2 = 194, 31ರಿಂದ ಭಾಗಿಸಿದರೆ ಶೇಷ 8. ಮೂರನೇ ಹೆಜ್ಜೆ: 64 − 2 = 62, ಶೇಷ ಸೊನ್ನೆ. ಪಾಸು.

2147483647ಕ್ಕೆ ಬೇಕಾದದ್ದು 29 ಹೆಜ್ಜೆ ಮಾತ್ರ. ಕಂಪ್ಯೂಟರಿಗೆ ಇದು ಕಣ್ಣು ಮಿಟುಕಿಸುವಷ್ಟು ಹೊತ್ತಿನ ಕೆಲಸವೂ ಅಲ್ಲ.

ಪರಿಪೂರ್ಣ ಸಂಖ್ಯೆಯ ಜೊತೆ ನಂಟು

6ನ್ನು ಭಾಗಿಸುವ ಸಂಖ್ಯೆಗಳು 1, 2, 3. ಅವನ್ನು ಕೂಡಿಸಿದರೆ ಮತ್ತೆ 6. 28ಕ್ಕೆ 1, 2, 4, 7, 14. ಕೂಡಿಸಿದರೆ 28. ಇಂಥವುಗಳಿಗೆ ಪರಿಪೂರ್ಣ ಸಂಖ್ಯೆ ಅಂತ ಹೆಸರು. ಮರ್ಸೆನ್ ಅವಿಭಾಜ್ಯ ಸಂಖ್ಯೆ ಒಂದು ಸಿಕ್ಕರೆ ಅದರಿಂದ ಪರಿಪೂರ್ಣ ಸಂಖ್ಯೆಯೂ ಒಂದು ಸಿಗುತ್ತದೆ ಅಂತ ಗ್ರೀಕರ ಯೂಕ್ಲಿಡ್ ಎರಡು ಸಾವಿರ ವರ್ಷಕ್ಕೂ ಹಿಂದೆಯೇ ತೋರಿಸಿದ್ದರು. ಸಮ ಸಂಖ್ಯೆಯಾದ ಪರಿಪೂರ್ಣ ಸಂಖ್ಯೆಗಳೆಲ್ಲ ಇದೇ ದಾರಿಯಲ್ಲಿ ಬರಬೇಕು ಎಂಬ ಮಾತನ್ನು ಸುಮಾರು ಸಾವಿರ ವರ್ಷ ಹಿಂದೆ ಮುಂದಿಟ್ಟವರು ಬಸ್ರಾದಲ್ಲಿ ಹುಟ್ಟಿ ಕೈರೋದಲ್ಲಿ ಕೆಲಸ ಮಾಡಿದ ಇಬ್ನುಲ್ ಹೈಥಮ್. ಬೆಳಕಿನ ಶಾಸ್ತ್ರಕ್ಕೆ ಹೆಸರಾದ ಅದೇ ಇಬ್ನುಲ್ ಹೈಥಮ್. ಅದಕ್ಕೆ ಪೂರ್ತಿ ಸಾಧನೆ ಕೊಟ್ಟದ್ದು ಮತ್ತೆ ಆಯ್ಲರ್.

2147483647ರಿಂದ ಸಿಗುವ ಪರಿಪೂರ್ಣ ಸಂಖ್ಯೆ 2305843008139952128. ಹತ್ತೊಂಬತ್ತು ಅಂಕೆ. ಇಂಗ್ಲೆಂಡಿನ ಪೀಟರ್ ಬಾರ್ಲೋ 1811ರ ತಮ್ಮ ಪುಸ್ತಕದಲ್ಲಿ ಇದರ ಬಗ್ಗೆ ಒಂದು ಭವಿಷ್ಯ ನುಡಿದರು. ಇದಕ್ಕಿಂತ ದೊಡ್ಡ ಪರಿಪೂರ್ಣ ಸಂಖ್ಯೆಯನ್ನು ಯಾರೂ ಮುಂದೆ ಕಂಡುಹಿಡಿಯಲಾರರು, ಯಾಕಂದರೆ ಇವು ಕುತೂಹಲದ ವಸ್ತುಗಳೇ ಹೊರತು ಉಪಯೋಗಕ್ಕೆ ಬರುವಂಥವಲ್ಲ ಎಂಬುದು ಅವರ ಅಭಿಪ್ರಾಯ.

ಎರಡೂ ಸುಳ್ಳಾಯಿತು. 1876ರಲ್ಲಿ ಲೂಕಾ 2¹²⁷ − 1 ಅವಿಭಾಜ್ಯ ಅಂತ ಸಾಧಿಸಿದರು, ಅದು 39 ಅಂಕೆಯ ಸಂಖ್ಯೆ. 1883ರಲ್ಲಿ ರಷ್ಯಾದ ಪಾದ್ರಿ ಇವಾನ್ ಪೆರ್ವುಶಿನ್ ಮರ್ಸೆನ್ ಪಟ್ಟಿಯಲ್ಲಿ ಬಿಟ್ಟುಹೋಗಿದ್ದ 2⁶¹ − 1ನ್ನು ಹಿಡಿದರು. ಉಪಯೋಗದ ವಿಷಯಕ್ಕೆ ಬಂದರೆ, ನಮ್ಮ ಕಿಸೆಯಲ್ಲಿರುವ ಫೋನೇ ಅದಕ್ಕೆ ಉತ್ತರ.

ಕಂಪ್ಯೂಟರಿನೊಳಗಿನ ಗೋಡೆ

ಕಂಪ್ಯೂಟರ್ ಎಲ್ಲ ಲೆಕ್ಕವನ್ನೂ 0 ಮತ್ತು 1ರಲ್ಲಿ ಬರೆದಿಡುತ್ತದೆ. ಒಂದು ಸಂಖ್ಯೆಗೆ ಸಾಮಾನ್ಯವಾಗಿ 32 ಮನೆಗಳಿರುವ ಒಂದು ಪೆಟ್ಟಿಗೆ. ಅದರಲ್ಲಿ ಒಂದು ಮನೆ ಪ್ಲಸ್ಸೋ ಮೈನಸ್ಸೋ ಅಂತ ತಿಳಿಸಲು ಹೋಗುತ್ತದೆ. ಉಳಿದದ್ದು 31. ಮೊದಲ ಮನೆಯ ಬೆಲೆ 1, ಎರಡನೆಯದ್ದು 2, ಮೂರನೆಯದ್ದು 4, ಹೀಗೆ ಇಮ್ಮಡಿ. ಎಲ್ಲ ಮನೆ ತುಂಬಿದಾಗ ಬರುವ ಮೊತ್ತ, ಮೇಲೆ ಹೇಳಿದ 31 ದಿನದ ಪೈಸೆಯ ಮೊತ್ತವೇ: 2147483647.

ಅದರ ಮೇಲೆ ಇನ್ನೊಂದು ಸೇರಿಸಿದರೆ? ಹಳೆಯ ಸ್ಕೂಟರಿನ ಮೀಟರ್ 99999 ಆದ ಮೇಲೆ 00000ಕ್ಕೆ ತಿರುಗುತ್ತದಲ್ಲ, ಹಾಗೆಯೇ ಇದೂ ತಿರುಗುತ್ತದೆ. ಆದರೆ ಸೊನ್ನೆಗೆ ಅಲ್ಲ. ಹೆಚ್ಚಿನ ಯಂತ್ರಗಳಲ್ಲಿ ನೇರ −2147483648ಕ್ಕೆ ಹೋಗುತ್ತದೆ. ಕೂಡಿಸುತ್ತಿದ್ದ ಲೆಕ್ಕ ಒಂದೇ ಏಟಿಗೆ ಮೈನಸ್!

2014ರ ಡಿಸೆಂಬರಿನಲ್ಲಿ ಯೂಟ್ಯೂಬಿನಲ್ಲಿ ಇದು ಸುದ್ದಿಯಾಯಿತು. ಕೊರಿಯಾದ ಗಾಯಕ ಸೈ ಅವರ 'ಗಂಗ್ನಮ್ ಸ್ಟೈಲ್' ವಿಡಿಯೊ ನೋಡಿದವರ ಎಣಿಕೆ ಈ ಮಿತಿಯನ್ನು ದಾಟುವ ಹಂತಕ್ಕೆ ಬಂತು. ಯೂಟ್ಯೂಬ್ ಎಣಿಕೆಯ ಪೆಟ್ಟಿಗೆಯನ್ನು 64 ಮನೆಗೆ ಹಿಗ್ಗಿಸಿತು. ಈಗಿನ ಮಿತಿ 9223372036854775807.

ಒಂದು ತಪ್ಪು ತಿಳಿವಳಿಕೆ ಬೇಡ. ಅವಿಭಾಜ್ಯ ಅನ್ನುವ ಕಾರಣಕ್ಕೆ ಕಂಪ್ಯೂಟರಿನವರು ಈ ಸಂಖ್ಯೆಯನ್ನು ಆರಿಸಿದ್ದಲ್ಲ. 32 ಮನೆಯ ಪೆಟ್ಟಿಗೆ ಮಾಡಿದರು, ಅದು ತಾನಾಗಿ ಬಂತು. 16 ಮನೆಯ ಪೆಟ್ಟಿಗೆಯ ಮಿತಿ 32767, ಅದು 7 × 31 × 151. 64 ಮನೆಯ ಮಿತಿಯೂ 7ರಿಂದ ಭಾಗವಾಗುತ್ತದೆ. ನಡುವಿನದು ಆಯ್ಲರ್ ಸಂಖ್ಯೆಯೇ ಆದದ್ದು ಕಾಕತಾಳೀಯ.

2038ರ ಜನವರಿ 19

ಬಹಳಷ್ಟು ಕಂಪ್ಯೂಟರ್ ವ್ಯವಸ್ಥೆಗಳು ದಿನಾಂಕವನ್ನು ಸೆಕೆಂಡ್ ಲೆಕ್ಕದಲ್ಲಿ ಇಟ್ಟುಕೊಳ್ಳುತ್ತವೆ. ಎಣಿಕೆ ಶುರುವಾಗುವುದು 1970ರ ಜನವರಿ 1ರಿಂದ, ನಮ್ಮ ಸಮಯ ಬೆಳಗ್ಗೆ 5.30. ಈ ಎಣಿಕೆಯನ್ನು 32 ಮನೆಯ ಪೆಟ್ಟಿಗೆಯಲ್ಲಿ ಇಟ್ಟಿದ್ದರೆ, ಅದು ತುಂಬುವುದು 2038ರ ಜನವರಿ 19, ಮಂಗಳವಾರ ಬೆಳಗ್ಗೆ 8 ಗಂಟೆ 44 ನಿಮಿಷ 7 ಸೆಕೆಂಡಿಗೆ. ದುಬೈಯಲ್ಲಿರುವ ನಮ್ಮವರ ಗಡಿಯಾರದಲ್ಲಿ ಆಗ 7 ಗಂಟೆ 14 ನಿಮಿಷ 7 ಸೆಕೆಂಡ್. ಮರು ಸೆಕೆಂಡಿಗೆ ಅಂಥ ಯಂತ್ರದ ದಿನಾಂಕ 1901ರ ಡಿಸೆಂಬರಿಗೆ ಹೋಗಿ ಕೂರುತ್ತದೆ.

ಹೆದರಿ ಓಡಬೇಕಾದ ವಿಷಯ ಅಲ್ಲ. ಈಗಿನ ಹೊಸ ಫೋನು, ಕಂಪ್ಯೂಟರುಗಳಲ್ಲಿ ಸಮಯಕ್ಕೆ 64 ಮನೆಯ ಪೆಟ್ಟಿಗೆ ಇದೆ. ಲಿನಕ್ಸ್ ಕೂಡ 2020ರಲ್ಲಿ ಬಂದ 5.6 ಆವೃತ್ತಿಯಲ್ಲಿ 32 ಬಿಟ್ ಯಂತ್ರಗಳಿಗೂ ಪರಿಹಾರ ಕೊಟ್ಟಿದೆ. ತೊಂದರೆ ಇರುವುದು ಹಳೆಯದರಲ್ಲಿ, ಅಪ್‌ಡೇಟ್ ಮಾಡದೆ ಬಿಟ್ಟದ್ದರಲ್ಲಿ. ಹಳೆಯ ಬಿಲ್ಲಿಂಗ್ ಮೆಷಿನ್, ಸಿಸಿಟಿವಿ ರೆಕಾರ್ಡರ್, ಹಾಜರಿ ಯಂತ್ರ ಇಂಥವನ್ನು ಒಮ್ಮೆ ಕೂರಿಸಿದ ಮೇಲೆ ಹಾಳಾಗುವವರೆಗೆ ಯಾರೂ ನೋಡುವುದಿಲ್ಲ.

ಇನ್ನೊಂದು ಮಾತು, ತೊಂದರೆ 2038ರವರೆಗೆ ಕಾಯಬೇಕಂತಿಲ್ಲ. 15 ವರ್ಷದ ಗೃಹಸಾಲಕ್ಕೆ ಇವತ್ತು ಕಂತಿನ ಪಟ್ಟಿ ತೆಗೆದರೆ ಕೊನೆಯ ಕಂತು ಆ ದಿನವನ್ನು ದಾಟುತ್ತದೆ. ಮುಂದಿನ ದಿನಾಂಕ ಬರೆಯುವ ಕಡೆ ದೋಷ ಮೊದಲೇ ತಲೆ ಎತ್ತುತ್ತದೆ.

ಅಂಗಡಿಯವರು ಕೇಳಬೇಕಾದ ಮೂರು ಪ್ರಶ್ನೆ

ದಿನಾಂಕದ ಹಾಗೆಯೇ ಹಣದ ಲೆಕ್ಕಕ್ಕೂ ಈ ಗೋಡೆ ಅಡ್ಡ ಬರಬಹುದು. ಚಿಲ್ಲರೆ ತಪ್ಪಬಾರದು ಅಂತ ಕೆಲವು ಸಾಫ್ಟ್‌ವೇರ್ ಬರೆಯುವವರು ಮೊತ್ತವನ್ನು ಪೈಸೆಯಲ್ಲೇ ಇಡುತ್ತಾರೆ. ಕ್ರಮ ಒಳ್ಳೆಯದೇ. ಆದರೆ ಪೆಟ್ಟಿಗೆ 32 ಮನೆಯದ್ದಾದರೆ ಮಿತಿ 2,14,74,836 ರೂಪಾಯಿ 47 ಪೈಸೆ. ಒಂದು ಬಿಲ್ಲು ಅಷ್ಟಕ್ಕೆ ಹೋಗುವುದಿಲ್ಲ. ವರ್ಷದ ಒಟ್ಟು ವಹಿವಾಟು ಹೋಗಬಹುದು. ಉಪ್ಪಳ, ಕುಂಬಳೆ, ಕಾಸರಗೋಡು ಪೇಟೆಯಲ್ಲಿ ಅಡಿಕೆ, ಜವಳಿ, ಹಾರ್ಡ್‌ವೇರ್, ಚಿನ್ನದ ವ್ಯಾಪಾರದವರಿಗೆ ಎರಡು ಕಾಲು ಕೋಟಿ ಅಪರೂಪದ ಅಂಕಿ ಅಲ್ಲ.

ಸಾಫ್ಟ್‌ವೇರ್ ಕೊಟ್ಟವರನ್ನು ಹೀಗೆ ಕೇಳಿ:

ಒಂದು, ಮೊತ್ತವನ್ನು ರೂಪಾಯಿಯಲ್ಲಿ ಇಡುತ್ತೀರಾ, ಪೈಸೆಯಲ್ಲಾ? ಅದಕ್ಕೆ 32 ಬಿಟ್ಟೋ, 64 ಬಿಟ್ಟೋ? 64 ಆದರೆ ಪೈಸೆಯಲ್ಲೇ ಇಟ್ಟರೂ ಮಿತಿ 922 ಕೋಟಿ ಕೋಟಿ ರೂಪಾಯಿ. ಚಿಂತೆ ಬಿಡಬಹುದು.

ಎರಡು, 2038 ಜನವರಿ ನಂತರದ ದಿನಾಂಕವನ್ನು ನಿಮ್ಮ ಸಾಫ್ಟ್‌ವೇರ್ ತೆಗೆದುಕೊಳ್ಳುತ್ತದಾ? ಅವರ ಡೆಮೊ ಕಾಪಿಯಲ್ಲಿ ತೋರಿಸಲು ಹೇಳಿ. ನಡೆಯುತ್ತಿರುವ ಅಂಗಡಿಯ ಕಂಪ್ಯೂಟರಿನಲ್ಲಿ ತಾರೀಕು ಬದಲಿಸಿ ಪರೀಕ್ಷೆ ಮಾಡಬೇಡಿ. ಬಿಲ್ಲಿನ ಕ್ರಮ, ಜಿಎಸ್‌ಟಿ ಲೆಕ್ಕ ಎಲ್ಲ ಏರುಪೇರಾಗುತ್ತದೆ.

ಮೂರು, ಮಿತಿ ದಾಟಿದರೆ ನಿಮ್ಮ ಸಾಫ್ಟ್‌ವೇರ್ ಎಚ್ಚರಿಕೆ ಕೊಡುತ್ತದಾ, ಅಥವಾ ಸದ್ದಿಲ್ಲದೆ ತಪ್ಪು ಮೊತ್ತ ತೋರಿಸುತ್ತದಾ? ಎಚ್ಚರಿಕೆ ಕೊಟ್ಟು ನಿಲ್ಲುವ ಯಂತ್ರ ವಾಸಿ. ಸುಮ್ಮನೆ ತಪ್ಪು ಬರೆಯುವ ಯಂತ್ರ ಅಪಾಯ.

ಅವಿಭಾಜ್ಯ ಆದದ್ದರಿಂದಲೇ ಆಗುವ ಉಪಯೋಗ

ಮೇಲಿನದ್ದೆಲ್ಲ ಸಂಖ್ಯೆಯ ಗಾತ್ರದ ಕಥೆ. ಅವಿಭಾಜ್ಯ ಗುಣದಿಂದಲೇ ಕೆಲಸಕ್ಕೆ ಬರುವ ಜಾಗವೂ ಇದೆ. ಆಟಗಳಲ್ಲಿ, ಅಂದಾಜು ಲೆಕ್ಕಗಳಲ್ಲಿ ಚೀಟಿ ಎತ್ತಿದ ಹಾಗೆ ಯಾವುದೋ ಒಂದು ಸಂಖ್ಯೆ ಬೇಕಾಗುತ್ತದೆ. ಕಂಪ್ಯೂಟರಿಗೆ ಚೀಟಿ ಎತ್ತಲು ಬರುವುದಿಲ್ಲ, ಲೆಕ್ಕ ಮಾಡಿಯೇ ಕೊಡಬೇಕು.

ಚಿಕ್ಕದರಲ್ಲಿ ನೋಡಿ. 1ರಿಂದ ಶುರು ಮಾಡಿ, ಪ್ರತಿ ಸಲ 3ರಿಂದ ಗುಣಿಸಿ, 7ರಿಂದ ಭಾಗಿಸಿದಾಗ ಬರುವ ಶೇಷ ಬರೆಯಿರಿ. 1, 3, 2, 6, 4, 5, ಮತ್ತೆ 1. ಆರೂ ಸಂಖ್ಯೆಗಳು ಕಲಸಿದ ಕ್ರಮದಲ್ಲಿ ಬಂದವು, ಯಾವುದೂ ಬಿಟ್ಟುಹೋಗಲಿಲ್ಲ. ಅದೇ ಆಟವನ್ನು ಅವಿಭಾಜ್ಯ ಅಲ್ಲದ 8ರಲ್ಲಿ ಆಡಿದರೆ 1, 3, 1, 3 ಅಷ್ಟೇ.

1988ರಲ್ಲಿ ಸ್ಟೀಫನ್ ಪಾರ್ಕ್ ಮತ್ತು ಕೀತ್ ಮಿಲ್ಲರ್ ಎಂಬ ಇಬ್ಬರು, 7ರ ಜಾಗದಲ್ಲಿ 2147483647, 3ರ ಜಾಗದಲ್ಲಿ 16807 ಇಟ್ಟು ಇದೇ ಆಟವನ್ನು ಎಲ್ಲರೂ ಬಳಸಬಹುದಾದ ಕನಿಷ್ಠ ಮಟ್ಟದ ವಿಧಾನವಾಗಿ ಸೂಚಿಸಿದರು. 1, 16807, 282475249, 1622650073, ಹೀಗೆ ಹೋಗುತ್ತದೆ. 214 ಕೋಟಿ ಚಿಲ್ಲರೆ ಸಂಖ್ಯೆಗಳೂ ಒಂದೊಂದು ಸಲ ಬಂದು ಮುಗಿದ ಮೇಲೆಯೇ ಮತ್ತೆ 1. ಆದರೆ ಒಟಿಪಿ, ಪಾಸ್‌ವರ್ಡ್‌ಗೆ ಇದು ಆಗದು. ಒಂದು ಸಂಖ್ಯೆ ಗೊತ್ತಾದರೆ ಮುಂದಿನದ್ದು ಯಾರಿಗಾದರೂ ಲೆಕ್ಕ ಹಾಕಲು ಬರುತ್ತದೆ.

ಗುಟ್ಟು ಕಾಯಲು ಇನ್ನೂ ದೊಡ್ಡ ಅವಿಭಾಜ್ಯ ಸಂಖ್ಯೆ ಬೇಕು. ವಾಟ್ಸ್‌ಆ್ಯಪ್ ಸಂದೇಶಗಳ ಬೀಗದ ಲೆಕ್ಕದಲ್ಲಿ ಬಳಸುವ ಅವಿಭಾಜ್ಯ ಸಂಖ್ಯೆ 2²⁵⁵ − 19. ಅದಕ್ಕೆ 77 ಅಂಕೆ.

ಸಾಲು ಮುರಿಯುವ ಜಾಗ

ಒಂದು ಚಂದದ ಸಾಲು ನೋಡಿ. 5 ಅವಿಭಾಜ್ಯ. 2⁵ − 1 ಅಂದರೆ 31, ಅವಿಭಾಜ್ಯ. 2³¹ − 1 ಅಂದರೆ 2147483647, ಅದೂ ಅವಿಭಾಜ್ಯ. ಹಾಗಾದರೆ 2ನ್ನು 2147483647 ಸಲ ಗುಣಿಸಿ 1 ಕಳೆದರೆ? ಅದೂ ಆಗಿರಬೇಕು ಅಂತ ಮನಸ್ಸು ಹೇಳುತ್ತದೆ. ಆ ಸಂಖ್ಯೆಗೆ 64 ಕೋಟಿಗೂ ಹೆಚ್ಚು ಅಂಕೆ, ಬರೆದಿಡುವುದೇ ಕಷ್ಟ. ಆದರೂ 1983ರಲ್ಲಿ ಅದರ ಒಂದು ಭಾಜಕ ಸಿಕ್ಕಿತು: 295257526626031. ಸಾಲು ಅಲ್ಲಿಗೆ ಮುರಿಯಿತು. ಮೂರು ಸಲ ಸರಿಬಂದದ್ದು ನಾಲ್ಕನೇ ಸಲವೂ ಬರಬೇಕಂತಿಲ್ಲ. ಇದು ವ್ಯಾಪಾರದವರಿಗೆ ಹೊಸದಾಗಿ ಹೇಳಬೇಕಾದ ಪಾಠ ಅಲ್ಲ.

ಅವಿಭಾಜ್ಯ ಸಂಖ್ಯೆಗಳಿಗೆ ಕೊನೆ ಇಲ್ಲ ಅಂತ ಯೂಕ್ಲಿಡ್ ಸಾಧಿಸಿದ್ದಾರೆ. ಮರ್ಸೆನ್ ಜಾತಿಯವಕ್ಕೆ ಕೊನೆ ಇದೆಯೋ ಇಲ್ಲವೋ ಜಗತ್ತಿನಲ್ಲಿ ಇನ್ನೂ ಯಾರೂ ಸಾಧಿಸಿಲ್ಲ. ಬೆಸ ಸಂಖ್ಯೆಯ ಪರಿಪೂರ್ಣ ಸಂಖ್ಯೆ ಒಂದಾದರೂ ಇದೆಯಾ ಎಂಬ ಪ್ರಶ್ನೆಗೂ ಉತ್ತರ ಸಿಕ್ಕಿಲ್ಲ. 2024ರ ಅಕ್ಟೋಬರಿನಲ್ಲಿ ಪ್ರಕಟವಾದ 2¹³⁶²⁷⁹⁸⁴¹ − 1 ಎಂಬ ಅವಿಭಾಜ್ಯ ಸಂಖ್ಯೆಗೆ 4,10,24,320 ಅಂಕೆಗಳಿವೆ. ಅದು ಸಿಕ್ಕಿದ್ದು ಸ್ವಯಂಸೇವಕರು ತಮ್ಮ ಕಂಪ್ಯೂಟರ್ ಹೊತ್ತನ್ನು ಕೊಟ್ಟು ನಡೆಸುವ ಗಿಂಪ್ಸ್ ಎಂಬ ಕೂಟಕ್ಕೆ. ಯಾರು ಬೇಕಾದರೂ ಸೇರಬಹುದು.

ಯಾವುದೇ ಸಂಖ್ಯೆ ಅವಿಭಾಜ್ಯವೋ ಅಲ್ಲವೋ ಎಂಬುದನ್ನು ಊಹೆಯ ಆಸರೆ ಇಲ್ಲದೆ, ಅದರ ಅಂಕೆಗಳು ಹೆಚ್ಚಿದಂತೆ ಹೊತ್ತು ಕೈಮೀರಿ ಹೋಗದ ಹಾಗೆ ತೀರ್ಮಾನಿಸುವ ವಿಧಾನವನ್ನು 2002ರಲ್ಲಿ ಮೊದಲು ಕೊಟ್ಟವರು ನಮ್ಮ ದೇಶದವರೇ. ಐಐಟಿ ಕಾನ್ಪುರದ ಮಣೀಂದ್ರ ಅಗ್ರವಾಲ್, ನೀರಜ್ ಕಯಾಲ್, ನಿತಿನ್ ಸಕ್ಸೇನಾ. ಅವರಲ್ಲಿ ಇಬ್ಬರು ಅದಕ್ಕೂ ಸ್ವಲ್ಪ ಮುಂಚೆಯಷ್ಟೇ ಡಿಗ್ರಿ ಮುಗಿಸಿದ ಹುಡುಗರು. ಗಣಿತ ಕಷ್ಟ ಅಂತ ಪುಸ್ತಕ ಮುಚ್ಚುವ ನಮ್ಮ ಮಕ್ಕಳಿಗೆ ಇದನ್ನು ಹೇಳಬೇಕು.

ಒಂದೇ ನೋಟದಲ್ಲಿ

ಸಂಖ್ಯೆ: 2147483647, ಹತ್ತು ಅಂಕೆ.
ರೂಪ: 2³¹ − 1. ಮರ್ಸೆನ್ ಅವಿಭಾಜ್ಯ ಸಂಖ್ಯೆಗಳಲ್ಲಿ ಎಂಟನೆಯದು.
ಸಾಧಿಸಿದವರು: ಲಿಯೊನಾರ್ಡ್ ಆಯ್ಲರ್, 1772.
ಒಂದು ಸೇರಿಸಿದರೆ: 2147483648, ಬರೀ 2ರಿಂದಲೇ ಆದದ್ದು, 31 ಸಲ.
ಒಂದು ಕಳೆದರೆ: 2147483646 = 2 × 3 × 3 × 7 × 11 × 31 × 151 × 331.
ಇದರಿಂದ ಬರುವ ಪರಿಪೂರ್ಣ ಸಂಖ್ಯೆ: 2305843008139952128.
ಪೈಸೆ ಅಂದುಕೊಂಡರೆ: 2,14,74,836 ರೂಪಾಯಿ 47 ಪೈಸೆ.
ಸೆಕೆಂಡ್ ಅಂದುಕೊಂಡರೆ: 1970ರಿಂದ 2038ರ ಜನವರಿ 19ರವರೆಗೆ.

ಮೇಲೆ ಕೊಟ್ಟ ಯಾವ ಲೆಕ್ಕವನ್ನೂ ಬರೆದವನ ಮಾತಿನ ಮೇಲೆ ನಂಬಬೇಕಂತಿಲ್ಲ. ಕಾಗದ, ಪೆನ್ನು, ಮೊಬೈಲ್ ಸಾಕು. 311ರಿಂದ ಭಾಗಿಸಿ ನೋಡಿ, ಶೇಷ 35 ಬರುತ್ತದಾ ಅಂತ.